ಕಲ್ಲಾದ ಕಾನನ – ತಿರುವಕ್ಕರೈ

ತಿರುವಣ್ಣಾಮಲೈ, ಚಿದಂಬರಗಳ ದರ್ಶನಕ್ಕೆಂದು ತಮಿಳುನಾಡಿಗೆ ತೆರಳುವ ಭಕ್ತರಲ್ಲಿ ಹಲವರು ಪುದುಚೇರಿಯ ಕಡಲತೀರವನ್ನೂ ನೋಡಿ ಬರುವುದುಂಟು. ಆ ನಗರದಿಂದ ಸುಮಾರು 30 ಕಿಲೋಮೀಟರು ದೂರದಲ್ಲಿ, ವಿಲ್ಲುಪುರಂ ಜಿಲ್ಲೆಗೆ ಸೇರಿದ ತಿರುವಕ್ಕರೈ ಎಂಬ ಗ್ರಾಮವಿದೆ. ಇಲ್ಲಿಯ ಚಂದ್ರಮೌಳೀಶ್ವರ ದೇವಾಲಯವು ಚೋಳರ ಕಾಲದ್ದು. ಗರ್ಭಗುಡಿಯ ಲಿಂಗಕ್ಕೆ ಮೂರು ಮುಖಗಳಿರುವುದು ಇದರ ವಿಶೇಷ. ದೇವರ ದರ್ಶನ ಪಡೆದವರು ಊರಿನ ಸಮೀಪದಲ್ಲಿಯೇ ಇರುವ ಮತ್ತೊಂದು ಸೋಜಿಗವನ್ನು ಕಾಣದೆ ಮರಳಬಾರದು. ಅದೇ ಕಲ್ಲುಮರಗಳ ಉದ್ಯಾನ.

ಕೆಂಪು ನೆಲದ ಮೇಲೆ ಅಲ್ಲಲ್ಲಿ ದಿಮ್ಮಿಗಳು ಒರಗಿವೆ. ದೂರದಿಂದ ನೋಡಿದರೆ ಯಾರೋ ಕಡಿದು ಕೆಡವಿದ ಮರಗಳೆಂದೇ ತೋರುತ್ತದೆ. ಹತ್ತಿರ ಹೋದರೆ ಮರದ ಎಳೆಗಳೂ ಗಂಟುಗಳೂ ಸ್ಪಷ್ಟವಾಗಿ ಕಾಣುತ್ತವೆ. ಮುಟ್ಟಿದರೆ ಮಾತ್ರ ಅಪ್ಪಟ ಕಲ್ಲು! ಕೆಲವು ದಿಮ್ಮಿಗಳು 15 ಮೀಟರಿನಷ್ಟು ಉದ್ದವಾಗಿವೆ.

ಇವು ಸುಮಾರು 2 ಕೋಟಿ ವರ್ಷಗಳಷ್ಟು ಹಿಂದಿನ ಮರಗಳು. ಇವಕ್ಕೆ ಬೇರಿಲ್ಲ, ಕೊಂಬೆಯಿಲ್ಲ, ತೊಗಟೆಯಿಲ್ಲ. ಆದುದರಿಂದ ಇವು ಇಲ್ಲಿ ಬೆಳೆದವಲ್ಲ, ಬೇರೆಡೆಯಿಂದ ಪ್ರವಾಹದಲ್ಲಿ ತೇಲಿಬಂದವು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಮರಳಿನಲ್ಲಿ ಹೂತುಹೋಗಿ ಗಾಳಿ ಸೋಕದಿದ್ದ ಕಾರಣ ಅವು ಕೊಳೆಯಲಿಲ್ಲ. ಅಂತರ್ಜಲದಲ್ಲಿ ಕರಗಿದ್ದ ಸಿಲಿಕವು ಕಣಕಣವಾಗಿ ಒಳಹೊಕ್ಕು, ಮರವಿದ್ದ ಎಡೆಯಲ್ಲಿ ಕಲ್ಲು ನೆಲೆಗೊಂಡಿತು. ಆದರೂ ಮರದ ರೂಪ ಅಳಿಯಲಿಲ್ಲ. ಸುತ್ತಲಿನ ಮರಳೂ ಕಾಲಕ್ರಮದಲ್ಲಿ ಗಟ್ಟಿಗೊಂಡು ಮರಳುಗಲ್ಲಾಯಿತು. ನದಿಗಳು ತಂದ ಹೂಳು ತುಂಬಿ ಉಂಟಾದ ಈ ಕರಾವಳಿ ಪ್ರದೇಶದಲ್ಲಿ ಹರಡಿರುವ ಪದರಕ್ಕೆ ‘ಕಡಲೂರು ಮರಳುಗಲ್ಲು’ ಎಂದು ಹೆಸರು.

ಇದೇ ಪದರವು ದಕ್ಷಿಣದ ನೆಯ್ವೇಲಿಯಲ್ಲಿಯೂ ಇದೆ. ಅಲ್ಲಿ ಹೂತ ಸಸ್ಯರಾಶಿ ಕಲ್ಲಾಗಲಿಲ್ಲ, ಕಂದು ಕಲ್ಲಿದ್ದಲಾಯಿತು. ಅದನ್ನು ಅಗೆದು ವಿದ್ಯುತ್ತನ್ನು ಉತ್ಪಾದಿಸುತ್ತಾರೆ. ಇದ್ದಲಿನ ಕೆಳಗಿನ ಮರಳುಪದರದಲ್ಲಿ ನೀರು ಒತ್ತಡದಿಂದ ತುಂಬಿಕೊಂಡಿರುವುದರಿಂದ, ಅದನ್ನು ಪಂಪುಗಳಿಂದ ಎತ್ತಿ ಹೊರಹಾಕದೆ ಗಣಿಯ ಕೆಲಸ ಸಾಗದು. ಒಂದೇ ನೆಲವು ಒಂದೆಡೆ ಮರವನ್ನು ಕಲ್ಲಾಗಿಸಿ ಉಳಿಸಿತು, ಇನ್ನೊಂದೆಡೆ ಇಂಧನವಾಗಿಸಿತು, ಜೊತೆಗೆ ನೀರನ್ನೂ ಒಡಲಲ್ಲಿ ಕಾಪಾಡಿತು.

ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ ಸೊನೆರಾ 18ನೆಯ ಶತಮಾನದಲ್ಲಿಯೇ ಈ ಕಲ್ಲುಮರಗಳನ್ನು ಕುರಿತು ಬರೆದಿದ್ದನು. 1940ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇಲ್ಲಿ ಉದ್ಯಾನವನ್ನು ಸ್ಥಾಪಿಸಿತು. ಬೇಲಿಯಿದ್ದರೂ ಕಾವಲಿದ್ದರೂ ಇಂತಹ ಸ್ಥಳವನ್ನು ನಿಜವಾಗಿ ಉಳಿಸುವುದು ನೋಡಲು ಬಂದವರ ಸಂಯಮವೇ. ಯಾತ್ರೆಯ ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಚೂರನ್ನು ಜೇಬಿಗಿಳಿಸಿದರೆ ನಾಳಿನವರಿಗೆ ಉಳಿಯುವುದೇನು? ಕಡಿದ ಮರ ಮತ್ತೆ ಚಿಗುರೀತು; ಕಲ್ಲಾದ ಮರ ಚಿಗುರದು. ಕಣ್ತುಂಬ ನೋಡಿ, ಮಕ್ಕಳಿಗೆ ಅದರ ಕಥೆಯನ್ನು ಹೇಳಿ, ಬರಿಗೈಯಲ್ಲಿ ಮರಳುವುದೇ ಈ ಕ್ಷೇತ್ರಕ್ಕೆ ನಾವು ಸಲ್ಲಿಸಬಹುದಾದ ಗೌರವ.