ಎರಡು ಅಂಗುಲದ ಅಂತರ

ಮೀನು ಸಾಕುವವನು ಮೊದಲು ನೀರನ್ನು ಸಾಕಲು ಕಲಿಯಬೇಕು. ನಾನು ಶಾಲೆಯ ಕೆಲಸದಿಂದ ನಿವೃತ್ತನಾದಾಗ ಹಳೆಯ ವಿದ್ಯಾರ್ಥಿಗಳು ಒಂದು ಗಾಜಿನ ತೊಟ್ಟಿಯನ್ನೂ ನಾಲ್ಕು ಗೋಲ್ಡ್‌ಫಿಷ್‌ಗಳನ್ನೂ ಉಡುಗೊರೆಯಾಗಿ ಕೊಟ್ಟರು. ತೊಟ್ಟಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಮೀನುಗಳು ಹೊರಹಾಕುವ ಕಲ್ಮಶದಿಂದ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆದರೆ ಆ ನೈಟ್ರೇಟ್ ನೀರಿನಲ್ಲಿಯೇ ಕೂಡುತ್ತ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ತೆಗೆದು ಹೊಸ ನೀರು ತುಂಬಬೇಕು. ಎರಡು ಬಕೆಟ್ ಹೊರಗೆ, ಎರಡು ಬಕೆಟ್ ಒಳಗೆ. ಹಲವು ವರ್ಷ ಈ ಕೆಲಸವನ್ನು ಸಂತೋಷದಿಂದಲೇ ಮಾಡಿದೆ. ಆಮೇಲೆ ಸೊಂಟ ಮಾತು ಕೇಳದಾಯಿತು.

ನನ್ನ ಕಷ್ಟವನ್ನು ಕೇಳಿದ ಮಗ ಅಮೆರಿಕದಿಂದ ಬರುವಾಗ ಒಂದು ಸಾಧನವನ್ನು ತಂದುಕೊಟ್ಟ. ಉದ್ದನೆಯ ಪೈಪು, ಅದರ ಒಂದು ತುದಿ ತೊಟ್ಟಿಗೆ, ಇನ್ನೊಂದು ತುದಿ ನಲ್ಲಿಗೆ. ನಲ್ಲಿಗೆ ಸಿಕ್ಕಿಸುವ ಭಾಗದಲ್ಲಿ ಒಂದು ಇಕ್ಕಟ್ಟಾದ ಕೊರಳಿದೆ. ನಲ್ಲಿಯ ನೀರು ಆ ಕೊರಳಿನ ಮೂಲಕ ವೇಗವಾಗಿ ಕೆಳಗೆ ಧುಮುಕುವಾಗ ಅಲ್ಲಿ ಒತ್ತಡ ಕುಗ್ಗುತ್ತದೆ. ಆ ಸೆಳೆತಕ್ಕೆ ತೊಟ್ಟಿಯ ಕೊಳೆನೀರು ಪೈಪಿನೊಳಗೆ ಎಳೆದುಕೊಂಡು ಬಂದು ಬಚ್ಚಲಿಗೆ ಬೀಳುತ್ತದೆ. ಕೆಳಗಿನ ಬಾಯಿಯನ್ನು ಮುಚ್ಚಿದರೆ ನಲ್ಲಿಯ ನೀರು ಅದೇ ಪೈಪಿನಲ್ಲಿ ಹಿಂದಿರುಗಿ ತೊಟ್ಟಿಯನ್ನು ತುಂಬುತ್ತದೆ. ಈ ತತ್ತ್ವಕ್ಕೆ ಇಟಲಿಯ ವೆಂಚುರಿಯವರ ಹೆಸರಿದೆ. 1746ರಲ್ಲಿ ಹುಟ್ಟಿದ ಅವರು ಗುರುದೀಕ್ಷೆ ಪಡೆದಿದ್ದ ಯಾಜಕರು, ಭೌತವಿಜ್ಞಾನದ ಪ್ರಾಧ್ಯಾಪಕರು. ಹರಿಯುವ ನೀರು ತನ್ನ ಪಕ್ಕದ ನೀರನ್ನೂ ಹೇಗೆ ಸೆಳೆದೊಯ್ಯುತ್ತದೆಂಬ ತಮ್ಮ ಅಧ್ಯಯನವನ್ನು ಅವರು 1797ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದರು. ಒಬ್ಬ ಪಾದ್ರಿಯ ವಿದ್ಯೆ ನನ್ನ ಬಚ್ಚಲಿಗೆ ಬಂದಿತೆಂದು ನನಗೆ ಬಹಳ ಹೆಮ್ಮೆಯಾಯಿತು.

ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಸಾಧನ ನಮ್ಮ ನಲ್ಲಿಗೆ ಕೂಡಲಿಲ್ಲ. ಬಟ್ಟೆ ಒಗೆಯುವ ಯಂತ್ರಕ್ಕಾಗಿ ಹಾಕಿಸಿದ್ದ ಮುಕ್ಕಾಲು ಇಂಚಿನ ನಲ್ಲಿಗೆ ಅದು ಸರಿಹೊಂದುವಂತೆ ಕಂಡಿತು. ಒಂದು ಸುತ್ತು ತಿರುಗಿ ಕಚ್ಚಿಕೊಂಡು ನಿಂತಿತು. ಪ್ಲಂಬರ್ ಬಂದು ನೋಡಿ, "ಸಾರ್, ಅಳತೆ ಒಂದೇ, ಥ್ರೆಡ್ ಬೇರೆ" ಎಂದ. ಅವನ ಮಾತು ನಿಜ. ಅಮೆರಿಕದ ಪೈಪುಗಳ ಸುರುಳಿಯಲ್ಲಿ ಇಂಚಿಗೆ ಹನ್ನೊಂದೂವರೆ ಎಳೆಗಳು. ಬ್ರಿಟಿಷರ ಅಳತೆಯನ್ನು ಅನುಸರಿಸುವ ನಮ್ಮ ನಲ್ಲಿಗಳಲ್ಲಿ 14. ಹೊರನೋಟಕ್ಕೆ ಹೊಂದುವಂತೆ ಕಂಡರೂ ಒಳಗಿನ ಎಳೆಗಳು ಹೊಂದದಿದ್ದರೆ ಬಲವಂತದಿಂದ ಹಾಳಾಗುವುದು ಎರಡೂ ಕಡೆಯ ಲೋಹ. ಅವನು ಒಂದು ಹಿತ್ತಾಳೆಯ ನಿಪ್ಪಲ್ಲು, ಒಂದು ತುಂಡು ರಬ್ಬರ್ ಪೈಪು, ಎರಡು ಕ್ಲಾಂಪುಗಳಿಂದ ಆ ಭೇದವನ್ನು ಪರಿಹರಿಸಿದ.

ಇನ್ನೊಂದು ತೊಡಕಿತ್ತು. ಆ ಕೊರಳಿನ ಸೆಳೆತಕ್ಕೆ ಒತ್ತಡ ಬೇಕು. ನಮ್ಮ ಟ್ಯಾಂಕು ಮಾಳಿಗೆಯ ಮೇಲೆ, ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ಮೂರು ಮೀಟರಿಗೆ ಅದರ ಮೂರನೆಯ ಒಂದು ಭಾಗವೂ ಇಲ್ಲ. ಅಷ್ಟರಿಂದ ಕೊಳೆನೀರು ಕದಲಲಿಲ್ಲ. ಆದ್ದರಿಂದ, ಬೆಳಿಗ್ಗೆ ಎರಡು ಗಂಟೆ ಹೊತ್ತು ಬೀದಿಯಿಂದ ನೇರವಾಗಿ ನೀರು ಬರುವ ನಲ್ಲಿಗೇ ಜೋಡಿಸಿಕೊಂಡೆ. ನಾವಿರುವುದು ಮಹಡಿಯಲ್ಲಿ. ಕೆಳಮನೆಯ ಅಡುಗೆಕೋಣೆಗೂ ಅದೇ ಪೈಪಿನ ಕವಲು ಹೋಗುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಮನಸ್ಸಿಗೆ ಬರಲಿಲ್ಲ.

ನಾಲ್ಕು ಶನಿವಾರ ಎಲ್ಲವೂ ಸುಗಮವಾಗಿ ನಡೆಯಿತು. ಐದನೆಯ ವಾರ ಒಂದು ಮೀನಿನ ಬಾಲಕ್ಕೆ ಬೂಷ್ಟು ಹಿಡಿದಿತ್ತು. ಅಂಗಡಿಯವರು ಹೇಳಿದಂತೆ ನೀರಿಗೆ ಮೆಥಿಲೀನ್ ಬ್ಲೂ ಹನಿಸಿದ್ದೆ, ತೊಟ್ಟಿ ತಿಳಿನೀಲಿಯಾಗಿತ್ತು. ಶನಿವಾರ ಸ್ವಲ್ಪ ನೀರು ತೆಗೆದು, ಕ್ಲೋರಿನ್ ಕಳೆಯುವ ಔಷಧಿ ಹಾಕಿ, ಹೊಸ ನೀರು ಬಿಟ್ಟು, ಪೈಪಿನ ತುದಿಯನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು ಪತ್ರಿಕೆ ಓದಲು ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ಬಡಿಯಿತು. ಕೆಳಮನೆಯ ಅಮ್ಮ ಗಾಜಿನ ಲೋಟ ಹಿಡಿದು ನಿಂತಿದ್ದರು.

"ಮೇಷ್ಟ್ರೇ, ನಲ್ಲೀಲಿ ನೀರು ಒಂಥರಾ ನೀಲಿಯಾಗಿ ಬರ್ತಿದೆ. ಮಗೂಗೆ ಹಾಲಿನ ಪುಡಿ ಕಲಸೋಣ ಅಂತ ಹಿಡಿದೆ. ನಿಮ್ಮನೇಲೂ ಹೀಗೇನಾ?"

ಹಿಂದಿರುಗಿ ನೋಡಿದೆ. ತೊಟ್ಟಿಯ ನೀರು ಅರ್ಧಕ್ಕೆ ಇಳಿದಿತ್ತು. ಪೈಪಿನ ತುದಿ ಗಾಳಿಗೆ ತೆರೆದುಕೊಂಡಿತ್ತು. ಆಗ ಎಲ್ಲವೂ ಅರ್ಥವಾಯಿತು. ನಾನು ಓದುತ್ತಿದ್ದಾಗ ಬೀದಿಯ ನೀರು ನಿಂತಿದೆ. ಕೆಳಗೆ ಅವರು ನಲ್ಲಿ ತಿರುಗಿಸಿದಾಗ ಪೈಪಿನಲ್ಲಿ ಉಳಿದಿದ್ದ ನೀರು ತಗ್ಗಿಗೆ ಇಳಿದಿದೆ. ಇಳಿಯುತ್ತ, ತನ್ನ ಹಿಂದಿನಿಂದ ನನ್ನ ಮೀನಿನ ತೊಟ್ಟಿಯ ನೀರನ್ನೂ ಸೆಳೆದೊಯ್ದಿದೆ.

ಆ ಕ್ಷಣವನ್ನು ಮರೆಮಾಚದೆ ಬರೆಯಬೇಕು. ಅವರು ಕೇಳಿದ ಪ್ರಶ್ನೆಯಲ್ಲಿಯೇ ನನಗೆ ತಪ್ಪಿಸಿಕೊಳ್ಳುವ ದಾರಿಯಿತ್ತು. "ಹೌದಮ್ಮ, ಬೀದಿಯ ಪೈಪಿನಲ್ಲೇ ಏನೋ ಆಗಿರಬೇಕು" ಎಂದಿದ್ದರೆ ಸಾಕಿತ್ತು, ಅವರು ನಂಬುತ್ತಿದ್ದರು. ಆ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದದ್ದೂ ನಿಜ. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವನು ನಾನು. ಲೋಟದ ತಳದಲ್ಲಿ ಜಲಸಸ್ಯದ ಒಂದು ಪುಟ್ಟ ಎಲೆ ತೇಲುತ್ತಿತ್ತು. ಅದನ್ನು ನೋಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ. "ಅಮ್ಮ, ಅದು ನನ್ನ ತೊಟ್ಟಿಯ ನೀರು. ತಪ್ಪು ನನ್ನದು" ಎಂದೆ.

ಅವರು ತುಸು ಹೊತ್ತು ಮಾತನಾಡಲಿಲ್ಲ. ಬಳಿಕ, "ಮಗೂಗೆ ಕೊಟ್ಟಿರಲಿಲ್ಲ ಬಿಡಿ. ಮೀನು ಚೆನ್ನಾಗಿವೆಯಾ?" ಎಂದು ಕೇಳಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರ ಮನೆಯ ಪಾತ್ರೆಗಳನ್ನೆಲ್ಲ ತೊಳೆದುಕೊಟ್ಟೆ. ಬಕೆಟ್ ಎತ್ತಲಾರೆನೆಂದು ಕುಳಿತಿದ್ದವನು ಅಂದು ಪಕ್ಕದ ಬೀದಿಯಿಂದ ಎರಡು ಕೊಡ ಕುಡಿಯುವ ನೀರು ಹೊತ್ತು ತಂದೆ. ಮರುದಿನ ನೀರು ಬಂದಾಗ ಪೈಪುಗಳನ್ನು ಬಹಳ ಹೊತ್ತು ಹರಿಯಬಿಟ್ಟು ಶುದ್ಧಮಾಡಿದೆವು.

ರಾತ್ರಿ ನಿದ್ರೆ ಬರಲಿಲ್ಲ. ಅಂದು ಔಷಧಿಯ ಬಣ್ಣವಿದ್ದುದರಿಂದ ತಿಳಿಯಿತು. ಬಣ್ಣವಿಲ್ಲದ ಹಿಂದಿನ ನಾಲ್ಕು ಶನಿವಾರಗಳಲ್ಲಿ ಏನಾಗಿತ್ತು? ನೀರು ನಿಂತ ದಿನಗಳಿದ್ದವೇ? ಮೀನಿನ ತೊಟ್ಟಿಯ ನೀರಿನಲ್ಲಿ ಮನುಷ್ಯರಿಗೆ ರೋಗ ತರಬಲ್ಲ ಸೂಕ್ಷ್ಮಜೀವಿಗಳು ಇರಬಹುದು. ಆ ಮಗುವಿಗೆ ನನ್ನಿಂದ ಏನೂ ಆಗಿರಲಿಲ್ಲವೆಂದು ಇಂದಿಗೂ ಖಚಿತವಾಗಿ ಹೇಳಲಾರೆ. ಮಗು ಈಗ ಶಾಲೆಗೆ ಹೋಗುತ್ತಿದೆ ಎಂಬುದಷ್ಟೇ ನನಗಿರುವ ಸಮಾಧಾನ.

ಪ್ಲಂಬರ್ ಮತ್ತೆ ಬಂದು ನಮ್ಮ ಕವಲಿಗೆ ನೀರನ್ನು ಹಿಂದಕ್ಕೆ ಬಿಡದ ಎನ್‌ಆರ್‌ವಿ ವಾಲ್ವ್ ಕೂರಿಸಿದ. ಆದರೆ ವಾಲ್ವ್ ಸವೆಯಬಹುದು, ಅದರಲ್ಲಿ ಕಸ ಸಿಕ್ಕಿಕೊಳ್ಳಬಹುದು. ಎಂದೂ ಕೆಡದ ರಕ್ಷಣೆ ಬರಿಯ ಗಾಳಿ. ಪೈಪಿನ ತುದಿಗೂ ಪಾತ್ರೆಯ ಅಂಚಿಗೂ ನಡುವೆ, ಪೈಪಿನ ಅಗಲದ ಎರಡರಷ್ಟು ಅಂತರವಿದ್ದರೆ ನೀರು ಹಿಂದಕ್ಕೆ ಹೋಗಲಾರದು. ಈಗ ನಾನು ಹಳೆಯ ನೀರನ್ನು ಸಾದಾ ಪೈಪಿನಿಂದ ಕೆಳಗಿನ ಬಕೆಟ್ಟಿಗೆ ಇಳಿಸುತ್ತೇನೆ. ಅದಕ್ಕೆ ನಲ್ಲಿಯ ಹಂಗೇ ಬೇಡ, ಬಚ್ಚಲಿಗೆ ಸುಮ್ಮನೆ ಹರಿದು ಹೋಗುತ್ತಿದ್ದ ಶುದ್ಧ ನೀರೂ ಉಳಿಯಿತು. ಔಷಧಿ ಹಾಕದ ವಾರಗಳಲ್ಲಿ ಆ ನೀರು ದಾಸವಾಳಕ್ಕೆ ಗೊಬ್ಬರ. ಹೊಸ ನೀರನ್ನು ಹಿಂದಿನ ದಿನವೇ ಒಂದು ಡ್ರಮ್ಮಿನಲ್ಲಿ ತುಂಬಿಡುತ್ತೇನೆ. ನಲ್ಲಿಯ ಪೈಪನ್ನು ಡ್ರಮ್ಮಿನ ಅಂಚಿಗಿಂತ ಎರಡು ಅಂಗುಲ ಮೇಲೆ ಕಟ್ಟಿದ್ದೇನೆ. ಮರುದಿನ ಚೊಂಬಿನಿಂದ ನಿಧಾನವಾಗಿ ತೊಟ್ಟಿಗೆ ಹೊಯ್ಯುತ್ತೇನೆ. ಸೊಂಟಕ್ಕೆ ಇದು ಭಾರವಲ್ಲ.

ಮನೆಯ ನಲ್ಲಿ ನಮ್ಮದೆಂದು ನಾವು ತಿಳಿದಿರುತ್ತೇವೆ. ಗೋಡೆಯೊಳಗಿನ ಪೈಪು ಮಾತ್ರ ನಮ್ಮನ್ನು ಕೆಳಮನೆಗೆ, ಬೀದಿಗೆ, ಊರಿಗೆ ಕಟ್ಟಿಹಾಕಿದೆ. ನಮ್ಮ ಅನುಕೂಲಕ್ಕೆಂದು ಮಾಡಿಕೊಂಡ ಪ್ರತಿಯೊಂದು ಜೋಡಣೆಯ ಇನ್ನೊಂದು ತುದಿಯಲ್ಲಿ ಯಾರೋ ಲೋಟ ಹಿಡಿದು ನಿಂತಿರುತ್ತಾರೆ. ಶನಿವಾರ ಬೆಳಿಗ್ಗೆ ನಲ್ಲಿ ತಿರುಗಿಸುವ ಮುನ್ನ ಆ ಎರಡು ಅಂಗುಲವನ್ನು ಬೆರಳಿನಿಂದ ಅಳೆದು ನೋಡುತ್ತೇನೆ.