ಹನ್ನೆರಡು ಟನ್ನಿನ ವ್ಯಾಗನ್, ಐವತ್ತು ಗ್ರಾಂ ತೂಕ

ಕಿಟಕಿ ಗೇಣುದ್ದ ತೆರೆದಿರಲಿ. ಹೊರಗೆ ಡಿಸೆಂಬರಿನ ಡರ್ಬಿ. ನಾಲ್ಕು ಗಂಟೆಗೇ ಕತ್ತಲಾಗಿದೆ, ಒಳಬರುವ ಗಾಳಿಗೆ ಬೆರಳು ಮರಗಟ್ಟುತ್ತಿವೆ. ಆದರೂ ತೆರೆದೇ ಇರಬೇಕು. ಮೇಜಿನ ಮೇಲಿನ ಪುಟ್ಟ ಸೀಸೆಯಲ್ಲಿರುವುದು ಬ್ಯುಟನೋನ್. ಮುಚ್ಚಿದ ಕೋಣೆಯಲ್ಲಿ ಅದರ ಬಿರಡೆ ತೆಗೆದು ಕೂತರೆ ಸ್ವಲ್ಪ ಹೊತ್ತಿಗೇ ತಲೆ ಹಿಡಿದುಕೊಳ್ಳುತ್ತದೆ.

ದೀಪದ ಕೆಳಗೆ ದಪ್ಪ ಗಾಜಿನ ತುಂಡು, ಅದರ ಮೇಲೆ ಉಕ್ಕಿನ ಸಣ್ಣ ಮೂಲೆಮಟ್ಟ, ಚಿಮಟ, ಹೊಸ ಬ್ಲೇಡು ಹಾಕಿದ ಚಾಕು, ಎರಡು ನಯವಾದ ಅರ. ಪೊಟ್ಟಣ ಬಿಚ್ಚಿದರೆ ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಅಚ್ಚಿನಿಂದ ಬಂದ ಬಿಡಿಭಾಗಗಳು ಇನ್ನೂ ಕಡ್ಡಿಗೆ ಅಂಟಿಕೊಂಡೇ ಇವೆ. ಎರಡು ಪಕ್ಕ, ಎರಡು ತುದಿ, ನೆಲ, ನಾಲ್ಕು ಬಫರು, ಕಡಲೆಕಾಳಿಗಿಂತ ಚಿಕ್ಕ ಬ್ರೇಕ್ ಕಟ್ಟೆಗಳು. ಬ್ರಿಟನ್ನಿನಲ್ಲಿ ಪಾರ್ಕ್‌ಸೈಡ್, ಕೇಂಬ್ರಿಯನ್, ಸ್ಲೇಟರ್ಸ್ ಎಂಬ ಹೆಸರುಗಳಲ್ಲಿ ಇಂಥ ಕಿಟ್‌ಗಳು ದಶಕಗಳಿಂದ ಮಾರಾಟವಾಗುತ್ತಿವೆ. ಚಕ್ರ, ಬಣ್ಣ, ಅಕ್ಷರಗಳನ್ನು ಬಹಳ ಸಲ ಬೇರೆಯಾಗಿಯೇ ಕೊಳ್ಳಬೇಕು.

ಈ ಸಂಜೆ ನೀವು ಕಟ್ಟುತ್ತಿರುವುದು ಏಳು ಹಲಗೆಯ ಕಲ್ಲಿದ್ದಲು ವ್ಯಾಗನ್. ರೈಲ್ವೆ ಕಂಪನಿಗಳ ಲೆಕ್ಕ ಚುಕ್ತಾ ಮಾಡಲೆಂದು ಹುಟ್ಟಿದ ರೈಲ್ವೆ ಕ್ಲಿಯರಿಂಗ್ ಹೌಸ್ 1923ರಲ್ಲಿ ಗೊತ್ತುಮಾಡಿದ ಮಾದರಿ ಇದು: 12 ಟನ್ ಹೊರೆ, 16 ಅಡಿ 6 ಅಂಗುಲ ಉದ್ದ, ಆಕ್ಸಲಿನಿಂದ ಆಕ್ಸಲಿಗೆ 9 ಅಡಿ. ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ಉದ್ದ 66 ಮಿ.ಮೀ., ಆಕ್ಸಲುಗಳ ಅಂತರ 36 ಮಿ.ಮೀ. ಅಂಗೈಯೊಳಗೆ ಹಿಡಿಯುತ್ತದೆ.

ಎಂಜಿನ್ನಿಗೆ ಎಲ್ಲರೂ ಮರುಳು. ಗೂಡ್ಸ್ ಡಬ್ಬಿಗೆ ಹೆಸರಿಟ್ಟು, ಅದಕ್ಕೊಂದು ತುಂಟತನ ಕೊಟ್ಟವರು ಅಪರೂಪ. ಥಾಮಸ್ ಎಂಜಿನ್ನಿನ ಕತೆ ಬರೆದ ಪಾದ್ರಿ ಆಡ್ರಿ ಅವರಲ್ಲೊಬ್ಬರು. ಅವರೂ ಮನೆಯಲ್ಲಿ ಮಾದರಿ ರೈಲು ಓಡಿಸುತ್ತಿದ್ದವರೇ. ಡಬ್ಬಿಗಳು ಎಷ್ಟು ಸತಾಯಿಸಬಲ್ಲವು ಅನ್ನುವುದು ಅವರಿಗೆ ಮೇಜಿನ ಮೇಲೇ ಗೊತ್ತಾಗಿದ್ದೀತು.

ಪಕ್ಕದ ಹಲಗೆಯನ್ನು ಕಡ್ಡಿಯಿಂದ ಬಿಡಿಸಿ. ಮುರಿಯಬೇಡಿ, ಕತ್ತರಿಸಿ, ಮುರಿದರೆ ಅಂಚು ಕಿತ್ತುಬರುತ್ತದೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ನುಸುಳಿದ ಪ್ಲಾಸ್ಟಿಕ್ಕಿನ ತೆಳು ಪೊರೆ ಅಲ್ಲಲ್ಲಿ ಉಳಿದಿರುತ್ತದೆ. ಬ್ಲೇಡನ್ನು ನೆಟ್ಟಗೆ ಹಿಡಿದು, ಕೊಯ್ಯದೆ, ಕೆರೆಯುತ್ತಾ ಬನ್ನಿ. ಒಂದು ಪಕ್ಕ, ಒಂದು ತುದಿ, ಮೂಲೆಮಟ್ಟಕ್ಕೆ ಒತ್ತಿ ಹಿಡಿಯಿರಿ. ಈಗ ಕುಂಚದ ತುದಿಯನ್ನು ಬ್ಯುಟನೋನಿನಲ್ಲಿ ಅದ್ದಿ ಸಂದಿಗೆ ಬರಿದೇ ಮುಟ್ಟಿಸಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಸಂದಿ ತಾನೇ ಅದನ್ನು ಎಳೆದುಕೊಳ್ಳುತ್ತದೆ. ತೇವದ ಗೆರೆ ಮೇಲಿಂದ ಕೆಳಕ್ಕೆ ಸರ್ರನೆ ಓಡುವುದು ಕಣ್ಣಿಗೇ ಕಾಣುತ್ತದೆ. ಇದು ಅಂಟಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದೇ ಮಾಡುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಹೆಚ್ಚಾದರೆ ಹಲಗೆಯ ಮೇಲೆ ಬೆರಳಚ್ಚು ಶಾಶ್ವತ.

ನಾಲ್ಕು ಗೋಡೆ ನಿಂತವು. ಇನ್ನು ಚಕ್ರ. ಇಲ್ಲಿ ಅವಸರ ಸಲ್ಲದು, ಯಾಕೆಂದರೆ ಮುಂದೆ ಹಳಿ ತಪ್ಪುವ ಡಬ್ಬಿಗಳಲ್ಲಿ ಬಹುಪಾಲು ಈ ಹಂತದಲ್ಲೇ ಕೆಟ್ಟಿರುತ್ತವೆ. ಆಕ್ಸಲಿನ ಎರಡೂ ತುದಿ ಸೂಜಿಮೊನೆ. ತುದಿಯಿಂದ ತುದಿಗೆ 26 ಮಿ.ಮೀ. ಆ ಮೊನೆ ಕೂರಲು ಹಿತ್ತಾಳೆಯ ಬೇರಿಂಗ್, ಟೋಪಿಯ ಆಕಾರದ್ದು, ಆಕ್ಸಲ್ ಪೆಟ್ಟಿಗೆಯ ಬೆನ್ನಿನ ತೂತಿಗೆ ತಳ್ಳಬೇಕು. ಒಂದು ಕಡೆಯ ಆಕ್ಸಲ್ ಪೆಟ್ಟಿಗೆಗಳನ್ನು ಅಂಟಿಸಿ, ಚಕ್ರ ಕೂರಿಸಿ, ಇನ್ನೊಂದು ಕಡೆಯವನ್ನೂ ಅಂಟಿಸಿ, ಅದು ಹಸಿಯಿರುವಾಗಲೇ ಡಬ್ಬಿಯನ್ನು ಗಾಜಿನ ಮೇಲೆ ನಿಲ್ಲಿಸಿ. ನಾಲ್ಕು ಮೂಲೆಯನ್ನೂ ಸರದಿಯಲ್ಲಿ ಬೆರಳಿನಿಂದ ಒತ್ತಿ. ಟಿಕ್ ಎಂದು ಸದ್ದಾದರೆ ಒಂದು ಚಕ್ರ ಗಾಜಿಗೆ ತಾಗಿಲ್ಲ. ಕೂದಲೆಳೆಯಷ್ಟು ತಿರುಚಿ, ಮತ್ತೆ ಒತ್ತಿ. ಸದ್ದು ನಿಂತ ಮೇಲೆ ಕೈ ತೆಗೆದು ಚಹಾ ಕುಡಿದು ಬನ್ನಿ.

ಎದುರಿನಿಂದ ನೋಡಿದರೆ ಚಕ್ರಗಳು ತುಸು ಒಳಸರಿದಂತೆ ಕಾಣುತ್ತವೆ. ಭ್ರಮೆಯಲ್ಲ. 4 ಅಡಿ 8½ ಅಂಗುಲದ ಹಳಿ ಈ ಅಳತೆಯಲ್ಲಿ 18.83 ಮಿ.ಮೀ. ಇರಬೇಕು, ಅಂಗಡಿಯಲ್ಲಿ ಸಿಗುವ 00 ಗೇಜಿನ ಹಳಿ 16.5 ಮಿ.ಮೀ. ಯುರೋಪಿನ ಚಿಕ್ಕ ಅಳತೆಯ ಹಳಿಯ ಮೇಲೆ ಬ್ರಿಟಿಷರು ತಮ್ಮ ದೊಡ್ಡ ಅಳತೆಯ ಡಬ್ಬಿ ಕೂರಿಸಿಕೊಂಡರು, ಅದೇ ರೂಢಿಯಾಯಿತು. ಮಡಿವಂತರು ಕೈಯಾರೆ 18.83ರ ಹಳಿ ಹಾಕಿಕೊಳ್ಳುತ್ತಾರೆ. ಪಕ್ಕದಿಂದ ನೋಡುವವರಿಗೆ ಇದೇನೂ ತಿಳಿಯುವುದಿಲ್ಲ, ಮತ್ತು ರೈಲನ್ನು ನಾವು ನೋಡುವುದು ಪಕ್ಕದಿಂದಲೇ.

ಖಾಲಿ ಡಬ್ಬಿ ಕೈಯಲ್ಲಿ ತೂಕವೇ ಇಲ್ಲ. ಆಕ್ಸಲಿಗೆ 25 ಗ್ರಾಂ, ಒಟ್ಟು 50 ಎನ್ನುವುದು ರೂಢಿಯ ಲೆಕ್ಕ. ಸಾಸಿವೆಯಷ್ಟು ಚಿಕ್ಕ ಸೀಸದ ಗುಂಡು ಸುರಿದು ಬಿಳಿ ಫೆವಿಕಾಲ್ ತರಹದ ಅಂಟು ಹಾಕಿದರೆ ಸುಲಭ ಅನಿಸುತ್ತದೆ. ಹಾಕಲೇಬೇಡಿ. ಆ ಅಂಟಿನೊಂದಿಗೆ ಸೀಸ ವರ್ಷಗಟ್ಟಲೆ ನಿಧಾನವಾಗಿ ವರ್ತಿಸಿ ಉಬ್ಬುತ್ತದೆ. ಕಪಾಟಿನಲ್ಲಿ ಸುಮ್ಮನೆ ನಿಂತಿದ್ದ ಡಬ್ಬಿಗಳು ಒಳಗಿನಿಂದ ಬಿರಿದಿವೆ. ಎರಡು ಉಕ್ಕಿನ ನಟ್ಟು ನೆಲದ ಮೇಲಿಟ್ಟು ಎಪಾಕ್ಸಿ ಹಚ್ಚಿ, ಹೇಗೂ ಮೇಲೆ ಕಲ್ಲಿದ್ದಲು ಬರುತ್ತದೆ.

ಈಗ ಡಬ್ಬಿಯನ್ನು ಬೋರಲು ಹಾಕಿ. ಚೌಕಟ್ಟಿನಲ್ಲಿ ಉಳಿದ ಕಡ್ಡಿಗಳೆಲ್ಲ ಬ್ರೇಕಿನವು. ಕಿಟ್ಟಿನ ಜೊತೆ ಬಂದ ಕಾಗದದಲ್ಲಿ ಬಾಣದ ಗುರುತುಗಳಿವೆ, ಆದರೆ ಬಾಣ ನೋಡಿ ಅಂಟಿಸುವುದಕ್ಕಿಂತ ಒಂದು ಕ್ಷಣ ಆ ಡಬ್ಬಿಯ ಪಕ್ಕದಲ್ಲಿ ನಿಂತುಕೊಳ್ಳಿ. ಬ್ರಾಮ್ಸ್‌ಗ್ರೋವ್ ಬಳಿಯ ಲಿಕಿ ಏರು, 37.7 ಅಡಿಗೆ ಒಂದಡಿ ಇಳಿಯುವ ಹಾದಿ. ಗೂಡ್ಸ್ ಗಾಡಿ ಮೇಲಿನ ಬ್ಲ್ಯಾಕ್‌ವೆಲ್‌ನಲ್ಲಿ ನಿಂತಿದೆ. ಇಡೀ ಗಾಡಿಗೆ ಒಟ್ಟಿಗೆ ಹಿಡಿಯುವ ಬ್ರೇಕಿಲ್ಲ; ಎಂಜಿನ್ನಿನದೊಂದು, ಕೊನೆಯ ಗಾರ್ಡ್ ಡಬ್ಬಿಯದೊಂದು. ಹಾಗಾಗಿ ಒಬ್ಬಾತ ಕೈಯಲ್ಲಿ ದೊಣ್ಣೆ ಹಿಡಿದು ಜಲ್ಲಿಯ ಮೇಲೆ ಡಬ್ಬಿಯಿಂದ ಡಬ್ಬಿಗೆ ನಡೆಯುತ್ತಾ ಒಂದೊಂದರ ಲಿವರನ್ನೂ ಕೆಳಗೆ ಜಗ್ಗಿ ಗೂಟ ಸಿಕ್ಕಿಸುತ್ತಿದ್ದಾನೆ. ಮಳೆ, ಕತ್ತಲು, ಒಂದು ಕೈಯಲ್ಲಿ ಲಾಂದ್ರ. ಲಿವರ್ ಎಲ್ಲಿದೆಯೆಂದು ಹುಡುಕುವ ಪುರುಸೊತ್ತು ಅವನಿಗಿಲ್ಲ. ಆದ್ದರಿಂದ ನಿಯಮ: ಡಬ್ಬಿಗೆ ಮುಖ ಮಾಡಿ ನಿಂತರೆ ಯಾವ ಪಕ್ಕದಲ್ಲೇ ಆಗಲಿ ಲಿವರಿನ ಹಿಡಿ ನಿಮ್ಮ ಬಲಕ್ಕೇ ಇರಬೇಕು.

ಒಂದು ತೊಡಕಿದೆ. ಎರಡೂ ಲಿವರಿಗೆ ಅಡಿಯಲ್ಲಿ ಒಂದೇ ಅಡ್ಡದಂಡ. ಎರಡೂ ಪಕ್ಕದವರು ತಮ್ಮ ಬಲಗಡೆಯ ಹಿಡಿಯನ್ನು ಒತ್ತಿದರೆ ದಂಡ ಒಬ್ಬನಿಗೆ ಒಂದು ದಿಕ್ಕಿಗೆ, ಇನ್ನೊಬ್ಬನಿಗೆ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಬ್ರೇಕು ಒಬ್ಬನಿಗೆ ಹಿಡಿಯುತ್ತದೆ, ಇನ್ನೊಬ್ಬನಿಗೆ ಬಿಡುತ್ತದೆ. ಮಾರ್ಟನ್ ಎಂಬ ಏರ್ಪಾಟು ಇದನ್ನು ಬಿಡಿಸಿತು: ಒಂದು ಪಕ್ಕದ ಲಿವರಿನ ಬುಡದಲ್ಲಿ ದಿಕ್ಕು ಬದಲಿಸುವ ಪುಟ್ಟ ಕ್ಲಚ್. ನಿಮ್ಮ ಚಿಮಟದ ತುದಿಯಲ್ಲಿರುವ, ಉಸಿರು ಬಿಟ್ಟರೆ ಹಾರಿಹೋಗುವ ಆ ಬೂದು ಚೂರು ಅದೇ. ಬ್ರೇಕ್ ಕಟ್ಟೆಗಳು ಒಂದೇ ಪಕ್ಕದಲ್ಲಿ, ಕ್ಲಚ್ ಇನ್ನೊಂದು ಪಕ್ಕದಲ್ಲಿ. ಡಬ್ಬಿಯ ತಳದಲ್ಲಿ ಕಲ್ಲಿದ್ದಲು ಉದುರಿಸುವ ಬಾಗಿಲಿದ್ದರೆ ಅಡ್ಡದಂಡಕ್ಕೆ ಜಾಗವೇ ಇರದು. ಆಗ ಎರಡು ಪಕ್ಕಕ್ಕೂ ಬೇರೆ ಬೇರೆ ಬ್ರೇಕು. ನಿಮ್ಮದಕ್ಕೆ ತಳಬಾಗಿಲಿಲ್ಲ. ತುದಿಬಾಗಿಲಿದೆ.

ತುದಿಬಾಗಿಲು ಯಾಕೆ? ಹಡಗಿಗಾಗಿ. ದಕ್ಷಿಣ ವೇಲ್ಸಿನ ಬಂದರುಗಳಲ್ಲಿ ತುಂಬಿದ ಡಬ್ಬಿಯನ್ನು ಹಾಗೇ ಮೇಲೆತ್ತಿ, ಒಂದು ಕಡೆಗೆ ವಾಲಿಸಿ, ಕಲ್ಲಿದ್ದಲನ್ನು ನೇರ ಹಡಗಿನ ಹೊಟ್ಟೆಗೆ ಸುರಿಯುತ್ತಿದ್ದರು. ಬಾಗಿಲಿನ ಕೀಲು ಮೇಲಿನ ಅಡ್ಡಪಟ್ಟಿಯಲ್ಲಿ, ವಾಲಿದಾಗ ಕೆಳಗಿನಿಂದ ತೆರೆದುಕೊಳ್ಳಲಿ ಎಂದು. ಓಷನ್ ಕಲ್ಲಿದ್ದಲು ಕಂಪನಿ ಕಟ್ಟಿದ ಡೇವಿಡ್ ಡೇವಿಸ್, ಕಾರ್ಡಿಫ್ ಬಂದರಿನ ಇಕ್ಕಟ್ಟಿಗೆ ಬೇಸತ್ತು ಬ್ಯಾರಿಯಲ್ಲಿ ಹೊಸ ಬಂದರು ಆಗುವಂತೆ ಪಟ್ಟುಹಿಡಿದವರಲ್ಲಿ ಮುಂದಾಳು. 1889ರಲ್ಲಿ ಅದು ತೆರೆಯಿತು, 1913ರಲ್ಲಿ ಒಂದೇ ವರ್ಷಕ್ಕೆ 1.1 ಕೋಟಿ ಟನ್ ಕಲ್ಲಿದ್ದಲು ಅಲ್ಲಿಂದ ಹೊರಟಿತು. ಯಾವ ತುದಿಯಲ್ಲಿ ಬಾಗಿಲಿದೆಯೆಂದು ದೂರದಿಂದಲೇ ತಿಳಿಯಲು ಪಕ್ಕದ ಹಲಗೆಗಳ ಮೇಲೊಂದು ಬಿಳಿ ಓರೆಗೆರೆ. ಗೆರೆಯ ಮೇಲ್ತುದಿ ಯಾವ ಕಡೆಗೋ ಬಾಗಿಲು ಆ ಕಡೆ. ಅಂದಕ್ಕೆಂದು ಎಳೆದ ಗೆರೆಯಲ್ಲ ಅದು, ಆದರೂ ಅದನ್ನು ಉಲ್ಟಾ ಬಳಿದ ಡಬ್ಬಿಗಳನ್ನು ಪ್ರದರ್ಶನಗಳಲ್ಲಿ ಕಾಣುತ್ತೇವೆ.

ಹಾಗಾದರೆ ಹೆಸರು ಓಷನ್ ಎಂದೇ ಇರಲಿ: ಕಪ್ಪು ಮೈ, ಇಂಗ್ಲಿಷಿನ ಐದು ದೊಡ್ಡ ಬಿಳಿ ಅಕ್ಷರ. ಆದರೆ ನಿಮ್ಮ ಮಾದರಿ ತೋರಿಸುವ ಕಾಲ 1951. ಎರಡನೇ ಮಹಾಯುದ್ಧ ಶುರುವಾದಾಗ ಖಾಸಗಿ ವ್ಯಾಗನ್‌ಗಳನ್ನೆಲ್ಲ ಒಂದೇ ರಾಶಿಗೆ ಸೇರಿಸಿಬಿಟ್ಟರು. 1948ರಲ್ಲಿ ರಾಷ್ಟ್ರೀಕರಣವಾದಾಗ ಐದು ಲಕ್ಷಕ್ಕೂ ಮಿಕ್ಕಿ ಇಂಥ ಡಬ್ಬಿಗಳು ಸರ್ಕಾರದ ಪಾಲಿಗೆ ಬಂದವು. ಅಂದಮೇಲೆ ವೇಲ್ಸಿನ ಡಬ್ಬಿ ಡರ್ಬಿ ಪಕ್ಕದ ಟೋಟನ್ ಯಾರ್ಡಿನಲ್ಲಿ ನಿಂತಿರುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹಳೆಯ ಮರದ ಡಬ್ಬಿಗೆ ಹೊಸ ಬಣ್ಣ ಬಳಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಮೂಲೆಯಲ್ಲಿ ಒಂದು ತೇಪೆ ಕಪ್ಪು, ಅದರ ಮೇಲೆ ‘ಪಿ’ ಇಂದ ಶುರುವಾಗುವ ಸಂಖ್ಯೆ, ಅಷ್ಟೇ.

ಹಾಗಾಗಿ ಮೊದಲು ಬಳಿಯಬೇಕಾದದ್ದು ಕಪ್ಪಲ್ಲ, ಬಿಸಿಲು ಮಳೆಗೆ ಬೂದಿಗಟ್ಟಿದ ಮರದ ಬಣ್ಣ. ಅದಕ್ಕೂ ಮುಂಚೆ ಗರಗಸದ ಹಲ್ಲನ್ನು ಹಲಗೆಯುದ್ದಕ್ಕೂ ಮೆಲ್ಲಗೆ ಎಳೆದು ನಾರು ಮೂಡಿಸಿ. ಒಂದು ಹಲಗೆಯನ್ನು ಮಾತ್ರ ನಯವಾಗಿ ಬಿಡಿ: ಅದು ರಿಪೇರಿಯಲ್ಲಿ ಹಾಕಿದ ಹೊಸ ಹಲಗೆ, ಅದಕ್ಕೆ ಬಣ್ಣವೂ ಇಲ್ಲ, ಅಕ್ಷರವೂ ಇಲ್ಲ. ಉಳಿದವಕ್ಕೆ ಕಪ್ಪು ತೆಳುವಾಗಿ. ಅಕ್ಷರದ ಹಾಳೆಯಿಂದ ಓ ಕತ್ತರಿಸಿ ನೀರಿನಲ್ಲಿ ಬಿಡಿ. ಕಾಗದದಿಂದ ಜಾರತೊಡಗಿದಾಗ ಕುಂಚದಿಂದ ಪಕ್ಕಕ್ಕೆ ಸರಿಸಿ ಕೂರಿಸಿ. ಹಲಗೆಗಳ ಸಂದಿಯ ಮೇಲೆ ಅದು ಚರ್ಮದ ಹಾಗೆ ಬಿಗಿದು ನಿಲ್ಲುತ್ತದೆ, ಅದೇ ಎಡವಟ್ಟು. ಬ್ಲೇಡಿನಿಂದ ಪ್ರತಿ ಸಂದಿಯಲ್ಲೂ ಸೀಳಿ, ಮೆತ್ತಗಾಗಿಸುವ ದ್ರಾವಣ ಹಚ್ಚಿದರೆ ಸಂದಿಯೊಳಕ್ಕೆ ಇಳಿದು ಕೂರುತ್ತದೆ. ಒಣಗಿದ ಮೇಲೆ ಗಾಜಿನ ನಾರಿನ ಪೆನ್ನಿನಿಂದ ಉಜ್ಜಿ, ಅಲ್ಲಲ್ಲಿ ಮರ ಕಾಣುವವರೆಗೆ. ಆ ನಾರು ಬೆರಳಿಗೆ ಹೊಕ್ಕರೆ ಎರಡು ದಿನ ಚುಚ್ಚುತ್ತದೆ, ಕೈಗವಸು ಇರಲಿ. ಹೊಸ ಹಲಗೆಯ ಮೇಲೆ ಬಿದ್ದ ಅಕ್ಷರದ ತುಂಡನ್ನು ಪೂರ್ತಿ ಕಿತ್ತುಹಾಕಿ.

ಇಲ್ಲಿ ಒಂದು ಮಾತು. ಪ್ರವಾಸಿ ರೈಲುಗಳಲ್ಲಿ ಇಂದು ಜೋಪಾನವಾಗಿಟ್ಟ ವ್ಯಾಗನ್‌ಗಳನ್ನು ನೋಡಿ ಬಣ್ಣ ಹಾಕಬೇಡಿ. ದುಡಿಯುವಾಗ ಅವು ಅಷ್ಟು ಥಳಥಳ ಇರಲಿಲ್ಲ. ಗ್ಲಾಸ್ಟರಿನ ಡಬ್ಬಿ ಕಾರ್ಖಾನೆಯವರು ತಯಾರಾದ ವ್ಯಾಗನ್‌ಗಳ ಫೋಟೊ ತೆಗೆಸಿಡುತ್ತಿದ್ದರು. ಅಕ್ಷರ ಎಲ್ಲಿ, ಎಷ್ಟು ದೊಡ್ಡದು ಎನ್ನುವುದಕ್ಕೆ ಅವೇ ಆಧಾರ. ಕೊಳೆ ಹೇಗಿತ್ತು ಎನ್ನುವುದಕ್ಕೆ ಬೇಕಾದದ್ದು ಮಾತ್ರ ಯಾರ್ಡಿನ ಫೋಟೊ, ಅದೂ ಎಂಜಿನ್ನಿನ ಚಿತ್ರದ ಮೂಲೆಯಲ್ಲಿ ಅರ್ಧ ಸಿಕ್ಕಿಬಿದ್ದ ಡಬ್ಬಿಯದು.

ಸಣ್ಣ ಅಕ್ಷರ ಉಳಿದಿವೆ. ಖಾಲಿ ಡಬ್ಬಿಯ ತೂಕ, ಟನ್ನು ಮತ್ತು ಹಂಡ್ರೆಡ್‌ವೇಟಿನಲ್ಲಿ. ತೂಕದ ಸೇತುವೆಯ ಗುಮಾಸ್ತ ಅದನ್ನು ಕಳೆದರೇ ಕಲ್ಲಿದ್ದಲಿನ ಲೆಕ್ಕ ಸಿಗುವುದು. ಡಬ್ಬಿಯ ಸಂಖ್ಯೆ ಓದುವವನು ಇನ್ನೊಬ್ಬ: ಕ್ಲಿಯರಿಂಗ್ ಹೌಸಿನ ಕಡೆಯಿಂದ ಜಂಕ್ಷನ್‌ಗಳಲ್ಲಿ ನಿಂತು, ಯಾವ ಡಬ್ಬಿ ಯಾವ ಕಂಪನಿಯ ಹಳಿಗೆ ದಾಟಿತೆಂದು ಬರೆದುಕೊಳ್ಳುತ್ತಿದ್ದ ನೌಕರ. ಅವನಿಗಾಗಿಯೇ ಈ ಅಂಕಿ ಅಷ್ಟು ಸ್ಪಷ್ಟ. ಮಿಕ್ಕ ಅಕ್ಷರ ಎಷ್ಟಾದರೂ ಮಾಸಲಿ, ಇದನ್ನು ಮಾತ್ರ ಓದುವಂತೆ ಬಿಡಿ.

ಹೊರೆಗೆ ಕಲ್ಲಿದ್ದಲೇ ಆಗಬೇಕು. ಬಣ್ಣ ಬಳಿದ ಪ್ಲಾಸ್ಟಿಕ್ಕಿಗೆ ಆ ಹೊಳಪು ಬರುವುದಿಲ್ಲ. ಆದರೆ ಅದನ್ನು ಸಂಪಾದಿಸುವುದೇ ಈಗ ಕಷ್ಟ. ಇಂಗ್ಲೆಂಡಿನಲ್ಲಿ ಮನೆ ಒಲೆಯ ಸಾಂಪ್ರದಾಯಿಕ ಕಲ್ಲಿದ್ದಲು ಮಾರಾಟ 2023ರಲ್ಲಿ ನಿಂತಿತು. ಡರ್ಬಿಯಿಂದ ಅನತಿ ದೂರದ ರ‍್ಯಾಟ್‌ಕ್ಲಿಫ್ ವಿದ್ಯುತ್ ಸ್ಥಾವರ, ದೇಶದಲ್ಲಿ ಕಲ್ಲಿದ್ದಲು ಸುಡುತ್ತಿದ್ದ ಕೊನೆಯದು, 2024ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ನಿಮ್ಮ ಡಬ್ಬದಲ್ಲಿರುವ ಮುಷ್ಟಿಗಾತ್ರದ ಹೆಂಟೆ ಹಲವು ಗಾಡಿಗಳಿಗೆ ಸಾಕು. ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದು, ಚಹಾ ಸೋಸುವ ಜಾಲರಿಯಲ್ಲಿ ಪುಡಿ ಬೇರೆ ಮಾಡಿ. ಪುಡಿ ಬೇಡ, ಅದು ಕರಿ ಮರಳಿನಂತೆ ಕಾಣುತ್ತದೆ. ಒಂದಡಿಯ ಹೆಂಟೆ ಈ ಅಳತೆಯಲ್ಲಿ 4 ಮಿ.ಮೀ.; ಅಷ್ಟರೊಳಗಿನವು ಇರಲಿ. ಸ್ಪಂಜಿನ ತುಂಡಿಗೆ ಅಂಟು ಹಚ್ಚಿ ಮೇಲೆ ಸುರಿಯಿರಿ, ನಡುವೆ ತುಸು ದಿಬ್ಬ.

ಕೊನೆಗೆ ಮೂರು ಕೊಂಡಿಯ ಸರಪಳಿ, ಎರಡೂ ತುದಿಗೆ. ಬಗ್ಗಿಸಿದ ತಂತಿಯ ಕೊಕ್ಕೆ ಹಿಡಿದು ಪಕ್ಕದ ಡಬ್ಬಿಗೆ ಸಿಕ್ಕಿಸುವಾಗ ಮೊಣಕೈ ಮೇಜಿಗೆ ಊರಿ, ಉಸಿರು ಬಿಗಿಹಿಡಿಯಿರಿ. ಆರಡಿ ಗಳು ಹಿಡಿದು ಚಲಿಸುವ ಡಬ್ಬಿಗಳ ನಡುವೆ ಇದನ್ನೇ ಮಾಡುತ್ತಿದ್ದವರಿಗೆ ಇಷ್ಟು ವೇಳೆ ಸಿಗುತ್ತಿರಲಿಲ್ಲ.

ಲಿವರನ್ನು ಮೇಲಿನ ಸ್ಥಾನದಲ್ಲಿ ಅಂಟಿಸಿದ್ದೀರಿ ತಾನೇ? ಹಾಗಿದ್ದರೆ ಇದು ಓಡುವ ಡಬ್ಬಿ, ಗಾಡಿಗೆ ಸೇರಿಸಿ. ಇನ್ನೊಂದು ಪೊಟ್ಟಣ ಇದೆಯಲ್ಲ, ಅದರ ಲಿವರು ಕೆಳಗಿರಲಿ, ಪಕ್ಕದ ಬಾಗಿಲು ತೆರೆದಿರಲಿ. ಅದಕ್ಕೆ ಸರಪಳಿಯ ತಂಟೆಯೂ ಬೇಡ. ಅದು ಹೋಗಿ ನಿಲ್ಲುವುದು ಸ್ಟೇಷನ್ನಿನ ಹಿಂದಿನ ಕಲ್ಲಿದ್ದಲು ಅಂಗಳದಲ್ಲಿ. ಅಲ್ಲಿ ಟೋಪಿ ಹಾಕಿದ ಪ್ಲಾಸ್ಟಿಕ್ ವ್ಯಾಪಾರಿಯೊಬ್ಬ ಹೋದ ಚಳಿಗಾಲದಿಂದಲೂ ಖಾಲಿ ಚೀಲ ಹಿಡಿದು ಕಾಯುತ್ತಿದ್ದಾನೆ.