ಹೆಬ್ಬೆಟ್ಟಿನ ಸಹಿ

ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮಲ್ಲಿ ಒಂದು ಚೆಂಡಾಟ ನಡೆಯುತ್ತದೆ. ಹುಡುಗ ಪಾಸಾದನೋ, ಚೆಂಡಿಗೆ ನೂರು ಕೈ: 'ನಮ್ಮ ಶಾಲೆಯ ಹುಡುಗ' ಎಂದು ಮಾಸ್ತರರು, 'ನಮ್ಮ ಮಗ' ಎಂದು ತಂದೆ, 'ನಮ್ಮ ಓಣಿಯವ' ಎಂದು ಓಣಿಯವರು. ನಪಾಸಾದನೆನ್ನಿ, ಚೆಂಡು ಯಾರ ಕೈಯಲ್ಲಿಯೂ ನಿಲ್ಲದು. ಮನೆಯಲ್ಲಿ ಓದಿಸುವುದಿಲ್ಲವೆಂದು ಶಾಲೆ ಎಸೆಯುತ್ತದೆ. ಶಾಲೆಯಲ್ಲಿ ಕಲಿಸುವುದಿಲ್ಲವೆಂದು ಮನೆ ತಿರುಗಿ ಎಸೆಯುತ್ತದೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12 ಪಡೆದು ತುದಿಯಲ್ಲಿ ನಿಂತಿತು. ನಮ್ಮ ಕಲಬುರಗಿ ಶೇ. 42.43ರೊಡನೆ ಕಟ್ಟಕಡೆಗೆ ಕುಳಿತಿತು. ಆ ವಾರ ನಮ್ಮ ಕಡೆ ಈ ಚೆಂಡಾಟ ಬಲು ಜೋರಾಗಿತ್ತೆಂದು ಬೇರೆ ಹೇಳಬೇಕಾದ್ದಿಲ್ಲ.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವ. ಪಾಸಾದವರಲ್ಲಿ ಕೆಲವರು ಮುಂದೆ ನನ್ನ ಮುಂದಿನ ಬೆಂಚಿನಲ್ಲಿ ಬಂದು ಕೂಡುತ್ತಾರೆ. ಬಾರದವರ ಹೆಸರು ಮಾತ್ರ ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಅವರು ಎಲ್ಲಿ ಉಳಿದರು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಅಫಜಲಪುರ ತಾಲೂಕಿನ ಅತನೂರಿನಂಥ ಊರಿಗೆ ಹೋಗಿ ನೋಡಬೇಕು.

ನಮ್ಮದು ಎರೆಭೂಮಿ, ತೊಗರಿ, ಜೋಳಗಳ ಸೀಮೆ. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆದರೆ ಈ ತೊಗರಿಗೆ ತನ್ನದೇ ಒಂದು ಪಂಚಾಂಗವಿದೆ. ಅದು ಶಾಲೆಯ ಪಂಚಾಂಗದೊಡನೆ ಕೂಡಿ ನಡೆಯದು. ಕಳೆ ಕೀಳುವ ಕಾಲಕ್ಕೆ ತಾಯಿ ಹೊಲಕ್ಕೆ ಹೋದರೆ ಎಳೆಯ ತಮ್ಮನನ್ನು ಎತ್ತಿಕೊಳ್ಳಲು ಹುಡುಗಿ ಮನೆಯಲ್ಲಿ ಬೇಕು. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದರೋ ಇಲ್ಲವೋ, ತೊಗರಿಯ ರಾಶಿ ಕರೆಯುತ್ತದೆ. ಹೊಲವಿಲ್ಲದವರು ಕಬ್ಬು ಕಡಿಯಲಿಕ್ಕೋ, ಪುಣೆ ಮುಂಬಯಿಗಳಿಗೆ ದುಡಿಯಲಿಕ್ಕೋ ಗಂಟು ಕಟ್ಟುತ್ತಾರೆ; ಮಕ್ಕಳು ಅಜ್ಜಿಯ ಪಾಲು. ಹತ್ತನೆಯ ತರಗತಿಯ ಪಾಠಗಳು ಗಟ್ಟಿಯಾಗಬೇಕಾದ ತಿಂಗಳುಗಳು ಇವೇ. ಮಾರ್ಚಿಯಲ್ಲಿ ಪರೀಕ್ಷೆ ಬಂದು ಬಾಗಿಲು ತಟ್ಟುತ್ತದೆ.

ಇಂಥಲ್ಲಿ ಪಾಲಕರೆಂದರೆ ಯಾರು? ಕೇಳಿ ನೋಡಿ: "ನಾವೇನ್ ಸಾಲಿ ಕಲ್ತವ್ರಲ್ರಿ ಸರ. ನಮಗೇನ್ ತಿಳೀತದ? ನೀವೇ ನೋಡ್ಕೋಬೇಕ್ರಿ" ಎನ್ನುತ್ತಾರೆ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 55 ಮಾತ್ರ. ಅಂಕಪಟ್ಟಿ ಮನೆಗೆ ಬಂದರೆ ತಾಯಿ ಅದನ್ನು ಮಗನ ಕೈಗೇ ಕೊಟ್ಟು ಓದಿಸುತ್ತಾಳೆ. ಆತ 25ನ್ನು 52 ಎಂದು ಓದಿದರೆ ತಡೆಯುವವರಾರು? ಹೆಬ್ಬೆಟ್ಟು ಬೀಳುತ್ತದೆ; ಪಾಲಕರ ಸಹಿ ಆಯಿತು. ನಗರದ ಓದುಗರು ಇದನ್ನು ಕೇಳಿ ನಗಬಾರದು. ಮುಂಜಾನೆ ಬಸ್ಸಿಗೆ ಹೊತ್ತಾಯಿತೆಂದು, ಒಂದು ಕೈಯಲ್ಲಿ ಚಹದ ಕಪ್ಪು ಹಿಡಿದು, ನೋಡದೆಯೇ ಸಹಿ ಗೀಚುವ ತಂದೆಯರನ್ನು ನಾನು ಬಲ್ಲೆ. ಅಕ್ಷರ ಚೆಂದವಿರುತ್ತದೆ, ಅಷ್ಟೇ.

ಹಿಂದೆ ತಂದೆ ಮಗನನ್ನು ಶಾಲೆಗೆ ತಂದು, 'ಚರ್ಮ ನಿಮ್ಮದು, ಎಲುಬು ನಮ್ಮದು' ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದನಂತೆ. 2009ರ ಶಿಕ್ಷಣ ಹಕ್ಕಿನ ಕಾನೂನು ಹೊಡೆತವನ್ನು ನಿಷೇಧಿಸಿ, ಚರ್ಮವನ್ನೂ ಹುಡುಗನಿಗೇ ಹಿಂತಿರುಗಿಸಿತು. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು: ಶಾಲೆಯನ್ನು ನೋಡಿಕೊಳ್ಳುವ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಮ್ಮ ರಾಜ್ಯದಲ್ಲಿ ಇದಕ್ಕೂ ಮೊದಲೇ, 2001ರಲ್ಲಿ, ಎಸ್.ಡಿ.ಎಂ.ಸಿ.ಗಳು ಹುಟ್ಟಿದ್ದವು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು. ಆದರೆ ಸಭೆಯನ್ನು ಮುಂಜಾನೆ ಹನ್ನೊಂದಕ್ಕೆ ಕರೆದರೆ ಕೂಲಿಯ ಹೆಂಗಸು ಬರುವುದು ಹೇಗೆ? ಬಂದರೂ ಆಕೆಗೆ ದೊರೆಯುವುದೇನು? 'ನಿಮ್ಮ ಹುಡುಗ ದಡ್ಡ' ಎಂಬ ಒಂದು ದೂರು. ಒಂದು ದಿನದ ಕೂಲಿ ತೆತ್ತು ಇದನ್ನು ಕೊಳ್ಳುವವರು ಯಾರು?

ಹಾಗಾದರೆ ಅಕ್ಷರ ಬಾರದ ತಾಯಿ ಮಗನ ಓದಿಗೆ ಏನೂ ಮಾಡಲಾರಳೆ? ಆ ಸೀಮೆಯಿಂದಲೇ ಬಂದ ನನ್ನೊಬ್ಬ ವಿದ್ಯಾರ್ಥಿ ಒಮ್ಮೆ ಇದಕ್ಕೆ ಉತ್ತರ ಕೊಟ್ಟ. ಅವನ ಅವ್ವ ಸಂಜೆ ರೊಟ್ಟಿ ಬಡಿಯುತ್ತ, "ಇವತ್ತ ಮಾಸ್ತರು ಏನ್ ಹೇಳ್ಯಾರ, ನನಗ ಹೇಳು" ಎನ್ನುತ್ತಿದ್ದಳಂತೆ. ಈತ ಪುಸ್ತಕ ತೆರೆದು ಗಟ್ಟಿಯಾಗಿ ಓದಬೇಕು; ಆಕೆ ಪುರಾಣ ಕೇಳಿದಂತೆ ಕೇಳಬೇಕು. "ಹಾಂಗ್ಯಾಕ?" ಎಂದು ನಡುವೆ ಒಂದು ಪ್ರಶ್ನೆ. ಈತನಿಗೆ ತಿಳಿಯದಿದ್ದರೆ, "ನನಗೂ ತಿಳೀಲಿಲ್ಲ. ನಾಳಿ ಮಾಸ್ತರ್ಗೆ ಕೇಳ್ಕೊಂಡ್ ಬಾ." ಮರುದಿನ ಆ ಪ್ರಶ್ನೆ ಶಾಲೆಗೆ ಹೋಗುತ್ತಿತ್ತು, ಸಂಜೆಗೆ ಉತ್ತರ ಒಲೆಯ ಮುಂದೆ ಬರುತ್ತಿತ್ತು. ದಿನಾ ಹೀಗೆ ಪ್ರಶ್ನೆ ತರುವ ಹುಡುಗನ ಮನೆ ಯಾವುದೆಂದು ನೋಡಲು ಮಾಸ್ತರರೇ ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕುಳಿತರಂತೆ. ಮೊದಲು ಹುಡುಗನ ಗುಣ ಹೇಳಿದರು. ಲೆಕ್ಕ ಹಿಂದಿದೆಯೆಂಬುದನ್ನು ಆಮೇಲೆ ಹೇಳಿದರು. ರಾಶಿಯ ಕಾಲ ಬಂದಾಗ ಮನೆಯವರಿಗೂ ಅವರಿಗೂ ಒಂದು ಒಪ್ಪಂದವಾಯಿತು: ಹಗಲು ಹುಡುಗ ಶಾಲೆಗೆ, ಮುಂಜಾನೆ ಸಂಜೆ ಹೊಲಕ್ಕೆ, ತಪ್ಪಿಹೋದ ಪಾಠವನ್ನು ಮಾಸ್ತರರು ಮತ್ತೆ ಹೇಳಬೇಕು. ಇದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ.

ಶಾಲೆಗೂ ಮನೆಗೂ ನಂಟು ಬೆಳೆಯುವುದು ಇಂಥ ಸಣ್ಣ ಹೋಗಿಬರುವಿಕೆಯಿಂದ. 2002ರಲ್ಲಿ ಅಕ್ಷರ ದಾಸೋಹ ಮೊದಲಾದದ್ದು ನಮ್ಮದೂ ಸೇರಿದ ಏಳು ಜಿಲ್ಲೆಗಳಲ್ಲಿ. ಅಂದಿನಿಂದ ಊರಿನ ಹೆಣ್ಣುಮಕ್ಕಳು ಸೌಟು ಹಿಡಿದು ಶಾಲೆಯ ಹೊಸಿಲು ದಾಟಿದ್ದಾರೆ. ಅನ್ನ ಬಡಿಸಲು ಬಂದವರು ಮಾತಾಡಲೂ ಬರಬಹುದಲ್ಲವೆ? ಸಭೆ ಸಂಜೆಗೆ ಇರಲಿ. ತಂದೆ ತಾಯಿ ಪುಣೆಯಲ್ಲಿದ್ದರೆ ಅಜ್ಜಿಯನ್ನೇ ಪಾಲಕಳೆಂದು ಗೌರವದಿಂದ ಕೂಡಿಸಲಿ.

ನಗರದ ನಮಗೂ ಇಲ್ಲಿ ಪಾಠವಿದೆ. ನಮ್ಮ ಮಕ್ಕಳಿಗೆ ಟ್ಯೂಷನ್ನು ಉಂಟು, ಶಾಲೆಯ ಸುದ್ದಿ ತರುವ ವಾಟ್ಸಾಪು ಉಂಟು. ಆದರೂ ಮಗು ಮನೆಗೆ ಬಂದೊಡನೆ ನಾವು ಕೇಳುವುದು 'ಎಷ್ಟು ಬಂತು?' ಎಂದು, ರೊಟ್ಟಿ ಬಡಿಯುವ ಆ ತಾಯಿ ಕೇಳುವುದು 'ಏನು ಹೇಳಿದರು?' ಎಂದು. ಮೊದಲ ಪ್ರಶ್ನೆಗೆ ಒಂದು ಅಂಕಿ ಸಾಕು. ಎರಡನೆಯದಕ್ಕೆ ಮಗು ಕುಳಿತು ಮಾತಾಡಬೇಕು, ನಾವು ಕುಳಿತು ಕೇಳಬೇಕು.

ಅತನೂರಿನ ಕಡೆ ಮುಂದಿನ ಎಳ್ಳಮಾಸಿಯೂ ಬರುತ್ತದೆ, ತೊಗರಿಯೂ ರಾಶಿಗೆ ಬರುತ್ತದೆ, ಅಂಕಪಟ್ಟಿಯೂ ಮನೆಗೆ ಬರುತ್ತದೆ. ಅದರ ಮೇಲೆ ಹೆಬ್ಬೆಟ್ಟು ಬಿದ್ದರೆ ನಾಚಿಕೆಯೇನೂ ಇಲ್ಲ. ಒತ್ತುವ ಮುನ್ನ ಯಾರಾದರೂ ಒಬ್ಬರು ಆಕೆಯ ಪಕ್ಕದಲ್ಲಿ ಕುಳಿತು ಅದನ್ನು ಸರಿಯಾಗಿ ಓದಿ ಹೇಳಿದರೆ ಸಾಕು.